ಬೀಳುವ ಮೊದಲೇ ಪಾದ ನೋಡಿ

ರೋಣ, ನರಗುಂದ, ಗಜೇಂದ್ರಗಡ ಭಾಗದ ಹಳ್ಳಿಗಳಲ್ಲಿ ಫಿಜಿಯೋಥೆರಪಿಸ್ಟ್ ಆಗಿ ಹಿರಿಯರನ್ನು ನೋಡುತ್ತ ಬಂದಿದ್ದೇನೆ. ಬಿದ್ದು ಸೊಂಟದ ಎಲುಬು ಮುರಿದವರ ಮನೆಗೆ ಹೋದಾಗ ಮೊದಲು ಅವರ ಪಾದ ನೋಡುತ್ತೇನೆ. ಒಡೆದ ಹಿಂಬಡ, ಬಾಗಿ ಬೆಳೆದ ಉಗುರು, ಜೋಮು ಹಿಡಿದ ಬೆರಳು, ಸವೆದ ಚಪ್ಪಲಿ. ಇವೆಲ್ಲ ಬೀಳುವ ಮೊದಲೇ ಕಾಣುತ್ತಿದ್ದವು, ನೋಡುವವರಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. 60 ದಾಟಿದವರ ಸಾವೇ ಹೆಚ್ಚು. ಅನುಭವದಿಂದ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಎರೆ ನೆಲದಲ್ಲಿ ದುಡಿದ ಪಾದಕ್ಕೆ ದಿನಾ ಆರೈಕೆ ಬೇಕು

ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆ ಹೊಲ, ಮಳೆಗಾಲದಲ್ಲಿ ಅಂಗಾಲಿಗೆ ಮೆತ್ತುವ ರಾಡಿ. ಇವುಗಳ ನಡುವೆ ಬರಿಗಾಲಲ್ಲಿ ಕಳೆ ತೆಗೆದು, ಕಡಲೆ ಕಿತ್ತ ಕಾಲುಗಳಲ್ಲಿ ಹಿಂಬಡ ಒಡೆಯುತ್ತದೆ, ಆಣಿ ಬೆಳೆಯುತ್ತದೆ. ನೋವಾಗದಂತೆ ಪಾದವನ್ನು ಓರೆಯಾಗಿ ಊರುತ್ತಾರೆ, ಅಲ್ಲಿಂದಲೇ ಸಮತೋಲನ ಕೆಡುತ್ತದೆ. ರಾತ್ರಿ ಕಾಲು ತೊಳೆದು, ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಿ, ಹಿಂಬಡಕ್ಕೆ ಕೊಬ್ಬರಿ ಎಣ್ಣೆ ಇಲ್ಲವೇ ವ್ಯಾಸಲಿನ್ ಹಚ್ಚಿ. ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ, ಹಸಿ ಉಳಿದರೆ ಅಲ್ಲಿ ಹುಣ್ಣಾಗುತ್ತದೆ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಗೇರೆಣ್ಣೆ ಹಚ್ಚಿ ಸುಡುವುದು ಬೇಡವೇ ಬೇಡ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಆ ಗಾಯ ಬೆರಳನ್ನೇ ಕಳೆಯಬಹುದು.

2. ಜೋಮನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ

"ಕಾಲಾಗಿನ ಚಪ್ಪಲಿ ಕಳಚಿ ಬಿದ್ರೂ ಗೊತ್ತಾಗಂಗಿಲ್ರಿ, ಹತ್ತಿ ಮ್ಯಾಲೆ ನಡದಂಗ ಆಗತೈತಿ" ಎಂದು ಹತ್ತಿ ಬೆಳೆಯುವ ಊರಿನ ಅಜ್ಜ-ಅಜ್ಜಿಯರು ಹೇಳುವುದನ್ನು ಮತ್ತೆ ಮತ್ತೆ ಕೇಳಿದ್ದೇನೆ. ಸಕ್ಕರೆ ಕಾಯಿಲೆಯಿಂದ ನರ ಸೊರಗಿದರೆ ಹೀಗಾಗುತ್ತದೆ. ಬಿ12 ಜೀವಸತ್ವದ ಕೊರತೆಯಿಂದಲೂ ಆಗಬಹುದು. ಮಾಂಸ-ಮೊಟ್ಟೆ ತಿನ್ನದವರಲ್ಲಿ, ಮೆಟ್ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಈ ಕೊರತೆ ಹೆಚ್ಚು. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ, ಅದನ್ನು ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎನ್ನುತ್ತಾರೆ. ಹಿರಿಯರು ಕಣ್ಣು ಮುಚ್ಚಿ ಮಲಗಲಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಿ. ಒತ್ತಬೇಡಿ, ಸವರಬೇಡಿ. ಆರರಲ್ಲಿ ಎರಡು ಕಡೆಯಾದರೂ ಮುಟ್ಟಿದ್ದು ತಿಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

3. ಚಪ್ಪಲಿಯೂ ಔಷಧಿಯೇ

ಉಂಗುಷ್ಠ ಸಡಿಲಾದ ಹವಾಯಿ ಚಪ್ಪಲಿ ಹಿರಿಯರಿಗೆ ಅಪಾಯ. ಅದು ಜಾರದಂತೆ ಬೆರಳುಗಳನ್ನು ಮುದುಡಿ ಹಿಡಿದೇ ನಡೆಯುತ್ತಾರೆ, ಕಾಲು ಎತ್ತಿ ಇಡುವುದನ್ನೇ ಬಿಡುತ್ತಾರೆ. ಹಿಂದೆ ಪಟ್ಟಿ ಇರುವ, ಅಡಿ ಜಾರದ, ತೀರ ಮೆತ್ತಗಿಲ್ಲದ ಚಪ್ಪಲಿ ಕೊಡಿಸಿ. ಸಂಜೆ ಹೊತ್ತಿಗೆ ಪಾದ ಊದಿರುತ್ತದೆ, ಆದ್ದರಿಂದ ಅಳತೆಯನ್ನು ಸಂಜೆಯೇ ತೆಗೆದುಕೊಳ್ಳಿ: ರಟ್ಟಿನ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆದು ಅಂಗಡಿಗೆ ಒಯ್ಯಿರಿ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಎಂಸಿಆರ್ (ಮೈಕ್ರೋಸೆಲ್ಯುಲರ್) ರಬ್ಬರಿನ ಚಪ್ಪಲಿ ಬೇಕು. ಕುಷ್ಠರೋಗ ಚಿಕಿತ್ಸೆಯಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಇದರ ಒಳಹಾಸು ಮೆತ್ತಗೆ, ಹೊರ ಅಡಿ ಗಟ್ಟಿ.

4. ಎದ್ದ ಕೂಡಲೇ ಹೆಜ್ಜೆ ಇಡಬಾರದು

ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯ್ದ ಹಿರಿಯರಿದ್ದಾರೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ತಾಸುಗಟ್ಟಲೆ ಕೂತವರು ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಾಗಬಹುದು. ರಾತ್ರಿ ಮೂತ್ರಕ್ಕೆ ಏಳುವವರಿಗೂ, ಬಿಪಿ ಗುಳಿಗೆ ನುಂಗುವವರಿಗೂ ಇದೇ ಭಯ. ಏಳುವ ಮುನ್ನ ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ನಿಂತ ಮೇಲೆ ಕಂಬವನ್ನೋ ಹೊರಸನ್ನೋ ಹಿಡಿದು ಸ್ವಲ್ಪ ಸುಧಾರಿಸಿಕೊಳ್ಳಿ, ಆಮೇಲೆ ಹೆಜ್ಜೆ ಇಡಿ. ಪದೇ ಪದೇ ತಲೆ ತಿರುಗಿದರೆ ನಿಮ್ಮಷ್ಟಕ್ಕೆ ಗುಳಿಗೆ ಬಿಡಬೇಡಿ, ವೈದ್ಯರನ್ನು ಕೇಳಿ.

5. ಮನೆಯನ್ನು ಹಿರಿಯರ ಕಣ್ಣಿನಿಂದ ನೋಡಿ

ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ದನ ಕಟ್ಟುವ ಜಾಗ ತಗ್ಗು, ಪಡಸಾಲೆ ಎತ್ತರ, ನಡುವೆ ಎತ್ತರದ ಹೊಸ್ತಿಲು, ಬೆಳಕು ಕಡಿಮೆ. ಕಣ್ಣಿಗೆ ಪೊರೆ ಬಂದವರಿಗೆ ಮೆಟ್ಟಿಲಿನ ಅಂಚು ಕಾಣುವುದಿಲ್ಲ. ಅಂಚಿಗೆ ಬಿಳಿ ಬಣ್ಣ ಬಳಿಯಿರಿ. ಹೊರಸಿನಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪ ಇರಲಿ. ಬಚ್ಚಲುಕಲ್ಲಿನ ಪಾಚಿ ಉಜ್ಜಿ ತೆಗೆದು, ಗೋಡೆಗೆ ಕಬ್ಬಿಣದ ಹಿಡಿಕೆ ಕೂಡಿಸಿ. ಇದರ ಖರ್ಚು ಎಲುಬಿನ ಆಪರೇಷನ್‌ನ ಮುಂದೆ ಏನೇನೂ ಅಲ್ಲ.

6. ಕಾಲಿಗೆ ಬಲ ಯಾವ ವಯಸ್ಸಿನಲ್ಲೂ ಬರುತ್ತದೆ

ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರನ ಗುಡಿಯ ಮೆಟ್ಟಿಲು ಹತ್ತಿ ಬಂದವರಿಗೆ ಗೊತ್ತು, ಇಳಿಯುವಾಗಲೇ ತೊಡೆ ನಡುಗುವುದು. ಆ ತೊಡೆಗೆ, ಮೀನಖಂಡಕ್ಕೆ ಬಲ ತರಬೇಕು. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯ ಮೇಲೆ ಕೂತು, ಆದಷ್ಟು ಕೈ ಊರದೆ ಹತ್ತು ಸಲ ಏಳಿ, ಕೂಡಿ. ಕಂಬ ಹಿಡಿದು ಹತ್ತು ಸಲ ತುದಿಗಾಲಲ್ಲಿ ನಿಲ್ಲಿ. ಆಮೇಲೆ ಕಂಬದ ಪಕ್ಕದಲ್ಲೇ ಒಂದು ಪಾದದ ಹಿಂಬಡಕ್ಕೆ ಇನ್ನೊಂದರ ಹೆಬ್ಬೆರಳು ತಾಗಿಸಿ ನಿಂತು ನೋಡಿ. ಹತ್ತು ಸೆಕೆಂಡು ನಿಲ್ಲಲಾಗದಿದ್ದರೆ ಬೀಳುವ ಸಂಭವ ಹೆಚ್ಚೆಂದು ತಿಳಿಯಿರಿ. ಊರುಗೋಲಿನ ಹಿಡಿಕೆ ಮಣಿಕಟ್ಟಿನ ಎತ್ತರಕ್ಕಿರಲಿ, ಬುಡಕ್ಕೆ ರಬ್ಬರ್ ಇರಲಿ. ನೋವಿರುವ ಕಾಲಿನ ಎದುರು ಕೈಯಲ್ಲಿ ಅದನ್ನು ಹಿಡಿಯಬೇಕು.

7. ಬಿದ್ದದ್ದನ್ನು ಮುಚ್ಚಿಡಲು ಬಿಡಬೇಡಿ

"ಏನಿಲ್ಲವಾ, ಸ್ವಲ್ಪ ಕಾಲು ಜಾರಿತ್ತು" ಎಂದು ಹಿರಿಯರು ಮಾತು ತೇಲಿಸುತ್ತಾರೆ. ಹೇಳಿದರೆ ಹೊಲಕ್ಕೆ, ಗುಡಿಗೆ ಬಿಡುವುದಿಲ್ಲವೆಂಬ ಅಂಜಿಕೆ ಅವರಿಗೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಬೈಯದೆ ಕೇಳಿ: ಎಲ್ಲಿ, ಯಾವ ಹೊತ್ತಿಗೆ, ಕಾಲಲ್ಲಿ ಏನಿತ್ತು? ಅದನ್ನು ಆಶಾ ಕಾರ್ಯಕರ್ತೆಗೋ ತಾಲೂಕು ಆಸ್ಪತ್ರೆಯ ವೈದ್ಯರಿಗೋ ತಿಳಿಸಿ. ತಿರುಗಾಟ ಮಾತ್ರ ನಿಲ್ಲಿಸಬೇಡಿ, ಮೂಲೆಯಲ್ಲಿ ಕೂತವರ ಕಾಲು ಇನ್ನಷ್ಟು ಬೇಗ ಸೋಲುತ್ತದೆ.

ಹಬ್ಬಹುಣ್ಣಿಮೆಗೆ ಹಿರಿಯರ ಕಾಲಿಗೆ ಬೀಳುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಆ ಮೊಮ್ಮಕ್ಕಳಲ್ಲಿ ನನ್ನದೊಂದೇ ಬೇಡಿಕೆ: ವಾರಕ್ಕೊಮ್ಮೆ ಅಜ್ಜಿಯನ್ನು, ಅಜ್ಜನನ್ನು ಬೆಳಕಿನಲ್ಲಿ ಕೂಡಿಸಿ, ಅಂಗಾಲು, ಬೆರಳ ಸಂದಿ, ಉಗುರು ನೋಡಿ. ಗಾಯ, ಬಣ್ಣಗೆಟ್ಟ ಚರ್ಮ, ಬಾವು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.