ಹಳೆಯ ಗಾಯ ಈಗ ಕೈಗೆ ಬಂದಿದೆಯೇ? ಸಾಂಗ್ಲಿ ಜಿಲ್ಲೆಯ ಮಾಜಿ ಸೈನಿಕರೇ, ಪಿಂಚಣಿ ಮರುಪರಿಶೀಲನೆ ಕೇಳಿ

ಸೇವೆಯಲ್ಲಿ ಕಾಲಿಗೆ ಪೆಟ್ಟಾಗಿ ವರ್ಷಗಟ್ಟಲೆ ಊರುಗೋಲಿನ ಮೇಲೆ ಭಾರ ಹಾಕಿ ನಡೆದವರಿಗೆ ಮಣಿಕಟ್ಟಿನ ನರ ಒತ್ತಿ ಬೆರಳು ಜೋಮು ಹಿಡಿಯುತ್ತದೆ. ಸೇವೆಯಲ್ಲಿ ಮುರಿದ ಮುಂಗೈ ಮೂಳೆ ಓರೆಯಾಗಿ ಕೂಡಿದ್ದರೆ ಕೀಲು ಸವೆಯುತ್ತದೆ. ವಯಸ್ಸಾಯಿತೆಂದು ಸುಮ್ಮನಿರಬೇಡಿ. ರಕ್ಷಣಾ ಸಚಿವಾಲಯದ 7-2-2001ರ ಆದೇಶದಂತೆ, ಕಾಯಂ ಅಂಗವೈಕಲ್ಯಕ್ಕೆ ವೈದ್ಯಕೀಯ ಮಂಡಳಿ ಕೊಟ್ಟ ಶೇಕಡಾವಾರು ಜೀವನಪೂರ್ತಿ ಅಷ್ಟೇ. ಪಿಂಚಣಿದಾರರೇ ಕೇಳಿಕೊಂಡರೆ ಮಾತ್ರ ಮರುಪರಿಶೀಲನೆ.

ಮೊದಲು ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಮಂಡಳಿಯ ವರದಿ ಹುಡುಕಿ ತೆಗೆಯಿರಿ. ಹಳೆಯ ಗಾಯ ಸೇವೆಯಿಂದ ಆದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಎಂದು ವರದಿ ಒಪ್ಪಿದೆಯೇ ನೋಡಿ. ಎಲ್ಲವೂ ನಿಂತಿರುವುದು ಆ ಸಾಲಿನ ಮೇಲೆ. ವರದಿ ಕಳೆದಿದ್ದರೆ ನಿಮ್ಮ ರೆಕಾರ್ಡ್ಸ್ ಕಚೇರಿಗೆ ಬರೆಯಿರಿ. ಮರಾಠಾ ಲೈಟ್ ಇನ್‌ಫಂಟ್ರಿಯವರಿಗೆ ಅದು ಬೆಳಗಾವಿಯಲ್ಲೇ ಇದೆ.

ಆಮೇಲೆ ವೈದ್ಯರು. ಆಸ್ಪತ್ರೆಗಳ ಊರಾದ ಮಿರಜದಲ್ಲಿ ನರತಜ್ಞರಿಗೆ ಕೊರತೆಯಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದರೆ ಒತ್ತಿರುವುದು ಒಂದು ನರ, ಕಿರುಬೆರಳಾದರೆ ಬೇರೆಯದು. ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿಸಿ. ಬರೀ ‘ಕಾರ್ಪಲ್ ಟನಲ್’ (ಮಣಿಕಟ್ಟಿನಲ್ಲಿ ನರ ಒತ್ತುವ ತೊಂದರೆ) ಎಂದು ಬರೆದ ಚೀಟಿ ಸಾಲದು. ಯಾವ ಹಳೆಯ ಗಾಯದಿಂದ, ಹೇಗೆ, ಯಾವಾಗಿನಿಂದ ಇದು ಬಂತು, ಅಂಗಿಯ ಗುಂಡಿ ಹಾಕಲು, ತುಂಬಿದ ತಂಬಿಗೆ ಎತ್ತಲು ಆಗುತ್ತದೆಯೇ ಎಂಬುದನ್ನೂ ಬರೆಸಿ. ಸಕ್ಕರೆ ಕಾಯಿಲೆಯಿಂದಲೂ ಇದೇ ತೊಂದರೆ ಬರುತ್ತದೆ. ನಿಮಗೆ ಅದಿದ್ದರೆ ಮುಚ್ಚಿಡಬೇಡಿ. ಊರುಗೋಲಿನ ಪಾಲೆಷ್ಟು ಎಂದು ವೈದ್ಯರೇ ಹೇಳಲಿ.

ಅರ್ಜಿ ರೆಕಾರ್ಡ್ಸ್ ಕಚೇರಿಗೆ ಹೋಗಬೇಕು. ಬರೆಯಲು ಸಾಂಗ್ಲಿಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ನೆರವು ಕೇಳಿ. ಕೈಯ ತೊಂದರೆ ಹಳೆಯ ಗಾಯದ ಮುಂದುವರಿಕೆ ಎಂಬುದು ಮೊದಲ ಪ್ಯಾರಾದಲ್ಲೇ ಇರಲಿ.

ಹಣದ ಲೆಕ್ಕವನ್ನೂ ತಿಳಿದಿರಿ. ಶೇ 50ಕ್ಕಿಂತ ಕಡಿಮೆ ವೈಕಲ್ಯವನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ ಹಿಡಿಯುತ್ತಾರೆ. ಹೀಗಾಗಿ 30 ಇದ್ದದ್ದು 40 ಆದರೆ ಕೈಗೆ ಬರುವುದು ಅಷ್ಟೇ. 55 ಆದರೆ ನಿಜವಾದ ಲಾಭ. 21-9-2023ರಿಂದ ಈಚೆಗೆ ಸೇವೆ ಬಿಟ್ಟವರಿಗೆ ಹೊಸ ನಿಯಮಗಳಿವೆ, ಅವರು ಈ ಲೆಕ್ಕ ನೆಚ್ಚಬಾರದು.

ತಿರಸ್ಕರಿಸಿದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅಲ್ಲೂ ಸೋತರೆ ಎರಡನೆಯದು, ಕೊನೆಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂಬೈ ಪೀಠ. ಸೇರುವಾಗ ದಾಖಲೆಯಲ್ಲಿಲ್ಲದ ಕಾಯಿಲೆ ಸೇವೆಯಲ್ಲಿ ಬಂದರೆ, ಅದು ಸೇವೆಯಿಂದ ಬಂದದ್ದಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಮಂಡಳಿ ನಿಮ್ಮ ಮೂಲ ಕಾಯಿಲೆಯನ್ನೇ ಒಪ್ಪದಿದ್ದರೆ ಈ ತೀರ್ಪನ್ನು ಮೇಲ್ಮನವಿಯಲ್ಲಿ ಉಲ್ಲೇಖಿಸಿ. ತಿರಸ್ಕಾರದ ಪತ್ರ ಬಂದ ಲಕೋಟೆಯನ್ನು ಎಸೆಯಬೇಡಿ. ಅದು ಯಾವತ್ತು ಕೈಸೇರಿತು ಎಂಬುದಕ್ಕೆ ಅಂಚೆ ಮುದ್ರೆಯೇ ಸಾಕ್ಷಿ.