ಮನೆವಾರ್ತೆಯಲ್ಲಿ ಮಿತವ್ಯಯ



ಕೆರೆಗೆ ಎಷ್ಟು ನೀರು ಹರಿದು ಬಂದರೂ ಅದರ ತೂಬು ಒಡೆದಿದ್ದರೆ ಬೇಸಿಗೆಗೆ ಮುಂಚೆಯೇ ಕೆರೆಯು ಬತ್ತಿಹೋಗುವದು. ಮನೆಯ ಸಂಗತಿಯೂ ಹಾಗೆಯೇ. ಸಂಪಾದಿಸುವದು ಒಂದು ವಿದ್ಯೆ. ಸಂಪಾದಿಸಿದ್ದನ್ನು ಕಾಪಾಡುವದು ಮತ್ತೊಂದು ವಿದ್ಯೆ. ಮೊದಲನೆಯದನ್ನು ನಮ್ಮ ಹಳ್ಳಿಗಳ ಜನರು ಬೆವರು ಸುರಿಸಿ ಕಲಿತಿದ್ದಾರೆ. ಎರಡನೆಯದನ್ನು ಕುರಿತು ಈ ಪಾಠದಲ್ಲಿ ಆಲೋಚಿಸೋಣ.

ಒಂದೇ ಬೀದಿಯಲ್ಲಿ ಎರಡು ಮನೆಗಳುಂಟೆಂದು ಎಣಿಸಿಕೊಳ್ಳಿರಿ. ಎರಡು ಮನೆಯವರಿಗೂ ಕೂಲಿಯು ಸಮವೇ. ಎರಡು ಮನೆಗಳಲ್ಲಿಯೂ ಒಂದೇ ಮಳೆಗಾಲದಲ್ಲಿ ಕಾಯಿಲೆ ಬಂತು. ಔಷಧೋಪಚಾರಕ್ಕೆ 20,000 ರೂಪಾಯಿ ಬೇಕಾಯಿತು. ಮೊದಲನೆಯ ಮನೆಯವನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಸಾಲ ತಂದನು. ಮೂರು ರೂಪಾಯಿಯೆಂದರೆ ಅಲ್ಪವಾಗಿ ತೋರುವದು. ಆದರೆ ಲೆಕ್ಕ ಹಾಕಿ ನೋಡಿರಿ: ತಿಂಗಳಿಗೆ 600 ರೂಪಾಯಿ, ವರುಷಕ್ಕೆ 7,200 ರೂಪಾಯಿ. ಇಷ್ಟನ್ನು ತೆತ್ತ ಮೇಲೆಯೂ ಅಸಲು 20,000 ಹಾಗೆಯೇ ನಿಂತಿತು. ಕಡೆಗೆ ಏಳನೆಯ ತರಗತಿ ಮುಗಿಸಿದ ಮಗಳನ್ನು ಶಾಲೆ ಬಿಡಿಸಿ ಕೂಲಿಗೆ ಕಳುಹಿಸಬೇಕಾಯಿತು. ಎರಡನೆಯ ಮನೆಯವನಾದರೋ ಅಂಗಡಿಯ ಚಹಕ್ಕೂ ಎಲೆಯಡಿಕೆಗೂ ದಿನಕ್ಕೆ ಹೋಗುತ್ತಿದ್ದ 20 ರೂಪಾಯಿಯನ್ನು ನಿಲ್ಲಿಸಿ, ತಿಂಗಳಿಗೆ ಅದೇ 600 ರೂಪಾಯಿಯಂತೆ ಕೂಡಿಡುತ್ತಾ ಬಂದಿದ್ದನು. ಮೂರು ವರುಷ ತುಂಬುವದರೊಳಗೆ ಅದು 20,000 ಮೀರಿತ್ತು. ಆ ಮನೆಯ ಮಗಳು ಎಂಟನೆಯ ತರಗತಿಯಲ್ಲಿ ಕೂತಿದ್ದಾಳೆ. 600 ರೂಪಾಯಿ ಎರಡು ಮನೆಗಳಿಂದಲೂ ಹೊರಟಿತು. ಒಂದು ಮನೆಯಿಂದ ಸಾಹುಕಾರನ ಪೆಟ್ಟಿಗೆಗೆ, ಇನ್ನೊಂದು ಮನೆಯಿಂದ ಮಗಳ ನಾಳೆಗೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಿತವ್ಯಯವು ಬೇರೆ, ಜಿಪುಣತನವು ಬೇರೆ. ಮಕ್ಕಳ ಹಾಲನ್ನೂ ಮೊಟ್ಟೆಯನ್ನೂ ನಿಲ್ಲಿಸುವದು, ರೋಗಿಗೆ ಔಷಧ ತಾರದೆ ಇರುವದು ಉಳಿತಾಯವಲ್ಲ. ಅನೇಕ ಮನೆಗಳಲ್ಲಿ ತಾಯಿಯು ಎಲ್ಲರ ತರುವಾಯ, ಉಳಿದಷ್ಟನ್ನು ಮಾತ್ರ ಉಣ್ಣುತ್ತಾಳೆ. ಆಕೆಯ ಹೊಟ್ಟೆಯಿಂದ ಉಳಿಸಿದ್ದು ಮುಂದೆ ಆಸ್ಪತ್ರೆಯಲ್ಲಿ ಇಮ್ಮಡಿಯಾಗಿ ವೆಚ್ಚವಾಗುವದು. ಆದಕಾರಣ ಕೆಳಗಿನ ಪಾಠಗಳನ್ನು ಈ ತಿಳುವಳಿಕೆಯಿಂದಲೇ ಓದತಕ್ಕದ್ದು.

1. ಲೆಕ್ಕ ಬರೆಯಿರಿ. ಹಣವು ಎಲ್ಲಿಗೆ ಹೋಗುತ್ತದೆಂದು ಅರಿಯದವನು ಅದನ್ನು ತಡೆಯಲಾರನು. ಒಂದು ಪುಸ್ತಕದಲ್ಲಿ ಎಡಗಡೆ ಬಂದದ್ದನ್ನೂ ಬಲಗಡೆ ಹೋದದ್ದನ್ನೂ ಪ್ರತಿ ಸಾಯಂಕಾಲ ಬರೆಯಿರಿ. ತಂದೆತಾಯಿಗಳಿಗೆ ಬರವಣಿಗೆ ಬಾರದಿದ್ದರೆ ಶಾಲೆಗೆ ಹೋಗುವ ಮಗುವು ಬರೆಯಲಿ. ಗಂಡನಾಗಲಿ ಹೆಂಡತಿಯಾಗಲಿ ಯಾವ ವೆಚ್ಚವನ್ನೂ ಬಚ್ಚಿಡಬಾರದು. ತಿಂಗಳ ಕಡೆಯಲ್ಲಿ ಇಬ್ಬರೂ ಕೂತು, ಯಾವದು ಬೇಕಾದದ್ದು, ಯಾವದು ಬೇಡವಾದದ್ದು ಎಂದು ವಿಂಗಡಿಸಲಿ.

2. ಮೊದಲು ತೆಗೆದಿಡಿರಿ. ವೆಚ್ಚವಾಗಿ ಉಳಿದದ್ದನ್ನು ಕೂಡಿಡುವೆನೆಂಬವನಿಗೆ ಎಂದಿಗೂ ಏನೂ ಉಳಿಯದು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಸ್ತ್ರೀಯರು 1910ರಿಂದ ಅಡಿಗೆಗೆ ಅಕ್ಕಿ ತೆಗೆಯುವಾಗಲೆಲ್ಲಾ ಒಂದು ಹಿಡಿಯನ್ನು ಬೇರೆಯಾಗಿಟ್ಟು ಸಭೆಯ ಕೆಲಸಕ್ಕೆ ಕೊಡುತ್ತಾ ಬಂದರು. ಇದಕ್ಕೆ ಅಲ್ಲಿ ಬುಹ್‌ಫಾಯ್ ಥಾಮ್ ಎಂದು ಹೆಸರು. ಒಂದು ಹಿಡಿ ತೆಗೆದುದರಿಂದ ಯಾರ ಊಟವೂ ಕಡಿಮೆಯಾಗದು. ಒಂದು ಹಿಡಿಯು 50 ಗ್ರಾಮಾದರೂ ದಿನಕ್ಕೆರಡು ಹಿಡಿಯಂತೆ ವರುಷಕ್ಕೆ 36 ಕಿಲೋ ಅಕ್ಕಿಯಾಗುವದು. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಯು ಹಣಕ್ಕೂ ಸಲ್ಲುವದು.

3. ಬೆಂಕಿಯನ್ನು ಹಾಳುಮಾಡಬೇಡಿರಿ. ನೀರು ಒಮ್ಮೆ ಕುದಿಯಲಾರಂಭಿಸಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯಲ್ಲಿ ಅದರ ಕಾವು ಏರುವದಿಲ್ಲ. ನೀರು ಆವಿಯಾಗಿ ಹೋಗುವದಷ್ಟೆ. ಆದದರಿಂದ ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ ಪಾತ್ರೆಯನ್ನು ಮುಚ್ಚಿರಿ. ಹುರುಳಿ, ಕಡಲೆ, ಅವರೆ ಮುಂತಾದ ಕಾಳುಗಳನ್ನು ರಾತ್ರಿಯೇ ನೆನೆಹಾಕಿದರೆ ಬೇಗ ಬೇಯುವವು. ಇನ್ನೂ ಸೌದೆ ಉರಿಸುವ ಮನೆಯವರು ಅಸ್ತ್ರ ಒಲೆಯನ್ನು ಕುರಿತು ವಿಚಾರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ವಿಭಾಗದವರು ಇದನ್ನು ರೂಪಿಸಿದರು. ಒಂದೇ ಬೆಂಕಿಯ ಮೇಲೆ ಹಲವು ಪಾತ್ರೆಗಳು ಕಾಯುವವು. ಹೊಗೆಯು ಕೊಳವೆಯ ಮೂಲಕ ಹೊರಗೆ ಹೋಗುವದರಿಂದ ಕಣ್ಣಿಗೂ ಎದೆಗೂ ಹಿತ.

4. ಧಾನ್ಯವನ್ನೂ ಹಿತ್ತಲನ್ನೂ ನೋಡಿಕೊಳ್ಳಿರಿ. ಹುಳು ತಿಂದ ಕಾಳು ಹಣವನ್ನು ಬೀದಿಗೆ ಚೆಲ್ಲಿದಂತೆಯೇ. ಕಾಳುಗಳನ್ನು ಚೆನ್ನಾಗಿ ಒಣಗಿಸಿ, ಆರಿದ ಮೇಲೆ ತೇವವಿಲ್ಲದ ಡಬ್ಬಿಗಳಲ್ಲಿ ಬೇವಿನ ಒಣಎಲೆಯ ಸಂಗಡ ತುಂಬಿಸಿರಿ. ಬೇಳೆಗೆ ಹರಳೆಣ್ಣೆಯನ್ನು ತೆಳ್ಳಗೆ ಸವರುವದು ನಮ್ಮ ಅಜ್ಜಿಯರ ರೂಢಿ, ಅದನ್ನು ಬಿಡಬೇಡಿರಿ. ಬೆಲೆಯು ಇಳಿದಿರುವ ಸುಗ್ಗಿಯಲ್ಲಿ ಕೊಂಡಿಟ್ಟರೆ ಮಳೆಗಾಲದಲ್ಲಿ ಅಂಗಡಿಯ ಉದ್ದರಿ ತಪ್ಪುವದು. ಪಾತ್ರೆ ತೊಳೆಯುವ ಮುಂಚೆ ಅಕ್ಕಿ, ತರಕಾರಿ ತೊಳೆದ ನೀರನ್ನು ಬೇರೆ ಹಿಡಿದು ಹಿತ್ತಲಿಗೆ ಹರಿಸಿರಿ. ಒಂದು ನುಗ್ಗೆ, ಒಂದು ಕರಿಬೇವು, ಒಂದು ಬಸಳೆಯ ಚಪ್ಪರ ಅದರಿಂದಲೇ ಬದುಕುವವು.

5. ದೀಪವನ್ನು ಎಚ್ಚರದಿಂದ ಉರಿಸಿರಿ. ಹಳೆಯ 60 ವ್ಯಾಟಿನ ಬಲ್ಬು ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 9 ಯೂನಿಟ್ ತಿನ್ನುವದು. 9 ವ್ಯಾಟಿನ ಎಲ್‌ಇಡಿ ದೀಪವು ಒಂದೂವರೆ ಯೂನಿಟ್ಟನ್ನೂ ಮುಟ್ಟುವದಿಲ್ಲ. 2023ರಲ್ಲಿ ಗೃಹಜ್ಯೋತಿ ಯೋಜನೆಯು ಬಂದುದರಿಂದ ವಿದ್ಯುತ್ತು ಉಚಿತವೆಂದು ಕೆಲವರು ಅಲಕ್ಷ್ಯ ಮಾಡುತ್ತಾರೆ. ಆದರೆ ಮನೆಗೆ ಗೊತ್ತುಮಾಡಿದ ಮಿತಿಯನ್ನು ಮೀರಿದ್ದಕ್ಕೆ ಹಣ ತೆರಬೇಕು. 200 ಯೂನಿಟ್ ದಾಟಿದರೆ ಬಿಲ್ಲನ್ನು ಪೂರ್ತಿಯಾಗಿಯೇ ತೆರಬೇಕು.

6. ಉಳಿಸಿದ್ದನ್ನು ಭದ್ರಸ್ಥಳದಲ್ಲಿಡಿರಿ. ಸೀರೆಯ ಮಡಿಕೆಯಲ್ಲಿಯೂ ಸಾಸಿವೆಯ ಡಬ್ಬಿಯಲ್ಲಿಯೂ ಇರುವ ಹಣವು ಬೆಳೆಯದು. ಬೇಡುವವರ ಕಣ್ಣಿಗೂ ಬೇಗ ಬೀಳುವದು. ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ನಮ್ಮ ದೇಶದಲ್ಲಿ 1882ರಲ್ಲಿ ಸ್ಥಾಪಿತವಾಯಿತು. ಅಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೂ ಐದು ವರುಷಗಳ ಆವರ್ತ ಠೇವಣಿಯನ್ನು ಕಟ್ಟಬಹುದು. ತಿಂಗಳಿಗೆ 600ರಂತೆ ಕಟ್ಟಿದವರಿಗೆ ಕಟ್ಟಿದ 36,000 ರೂಪಾಯಿಯೂ ಅದರ ಮೇಲಿನ ಬಡ್ಡಿಯೂ ಸೇರಿ ಬರುವದು. ಬೇಗ ಇಮ್ಮಡಿ ಮಾಡಿಕೊಡುವೆವೆಂದು ಮನೆಬಾಗಿಲಿಗೆ ಬರುವವರ ಕೈಗೆ ಒಂದು ಕಾಸನ್ನೂ ಕೊಡಬೇಡಿರಿ.

7. ಕೂಡಿ ಉಳಿಸಿರಿ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಬೇಸಾಯಗಾರರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಒಬ್ಬೊಬ್ಬರಾಗಿ ಬಡವರಾಗಿದ್ದವರು ಸಂಘವಾಗಿ ನಿಂತಾಗ ಸಾಹುಕಾರನ ಬಾಗಿಲನ್ನು ಬಿಟ್ಟು ಒಬ್ಬರಿಗೊಬ್ಬರು ಆಸರೆಯಾಗಲು ದಾರಿಯಾಯಿತು. 2000–01ನೇ ಸಾಲಿನಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳೂ ಇದೇ ದಾರಿಯವು. ಆದರೂ ಸಂಘದಿಂದ ತಂದದ್ದೂ ಸಾಲವೇ. ಬೀಜಕ್ಕಾಗಿ, ಹಸುವಿಗಾಗಿ, ಶಾಲೆಗಾಗಿ ತಂದ ಸಾಲವು ಒಂದು ದಿನ ತನ್ನನ್ನು ತಾನೇ ತೀರಿಸಬಲ್ಲದು. ಮದುವೆಯ ಚಪ್ಪರಕ್ಕಾಗಿ ತಂದ ಸಾಲವು ಚಪ್ಪರ ಬಿಚ್ಚಿದ ಮೇಲೆಯೂ ವರುಷಗಟ್ಟಲೆ ಮನೆಯಲ್ಲಿ ಕೂತಿರುವದು. ನೆಂಟರು ಏನನ್ನುವರೋ ಎಂಬ ಭಯದಿಂದ ಮಾಡಿದ ವೆಚ್ಚವನ್ನು ನೆಂಟರು ತೀರಿಸುವದಿಲ್ಲ.

ಇವುಗಳೆಲ್ಲವನ್ನೂ ಒಂದೇ ದಿನ ಕೈಕೊಳ್ಳಬೇಕೆಂದು ಹೇಳುವದಿಲ್ಲ. ಈ ತಿಂಗಳು ಲೆಕ್ಕದ ಪುಸ್ತಕವನ್ನು ಆರಂಭಿಸಿರಿ. ಮುಂದಿನ ತಿಂಗಳು ಹಿಡಿ ಅಕ್ಕಿಯ ಗಡಿಗೆಯನ್ನಿಡಿರಿ. ತೂಬು ಸರಿಯಾದರೆ ಕೆರೆಯಲ್ಲಿ ನೀರು ತಾನೇ ನಿಲ್ಲುವದು.

ಮನೆಯವರು ಕೂತು ಆಲೋಚಿಸತಕ್ಕ ಪ್ರಶ್ನೆಗಳು

(1) ಕಳೆದ ತಿಂಗಳು ನಮ್ಮ ಮನೆಯಿಂದ ಬಡ್ಡಿಗಾಗಿ ಎಷ್ಟು ಹಣ ಹೋಯಿತು?
(2) ಒಂದು ದಿನದ ಯಾವ ವೆಚ್ಚವನ್ನು ಬಿಟ್ಟರೆ ಯಾರಿಗೂ ನೋವಾಗದು?
(3) ನಮ್ಮ ಮನೆಯಲ್ಲಿ ಕಡೆಯದಾಗಿ ಉಣ್ಣುವವರು ಯಾರು? ಅವರಿಗೆ ಸಾಕಷ್ಟು ಸಿಕ್ಕುತ್ತದೋ?
(4) ನಾಳೆ ಕಾಯಿಲೆ ಬಂದರೆ ನಾವು ಯಾರ ಬಾಗಿಲಿಗೆ ಹೋಗಬೇಕಾದೀತು?