ಬತ್ತದ ಗದ್ದೆಯ ಕೊಳವೆ ಹುಳು

ನಾಟಿಯಾದ ಕೆಲವು ವಾರಗಳೊಳಗೆ, ಸದಾ ನೀರು ನಿಂತಿರುವ ತಗ್ಗು ಗದ್ದೆಗಳಲ್ಲಿ ಪೈರಿನ ಎಲೆಗಳು ಅಲ್ಲಲ್ಲಿ ಬೆಳ್ಳಗಾಗಿ, ತುದಿಗಳು ಕತ್ತರಿಯಿಂದ ಕತ್ತರಿಸಿದಂತೆ ಕಾಣುವುದುಂಟು. ಭೂಮಿಯಲ್ಲಿ ಸಾರವಿಲ್ಲವೆಂದೆಣಿಸಿ ಗೊಬ್ಬರ ತರಲು ಹೊರಡುವ ಮೊದಲು ರೈತರು ಗದ್ದೆಗಿಳಿದು ನೀರನ್ನು ನೋಡತಕ್ಕದ್ದು. ಅರ್ಧ ಅಂಗುಲದಷ್ಟು ಉದ್ದದ, ಎಲೆಯ ಚೂರನ್ನು ಸುತ್ತಿ ಮಾಡಿದ ಕೊಳವೆಗಳು ತೇಲುತ್ತಿದ್ದರೆ ಅದು ಕೊಳವೆ ಹುಳುವಿನ ಹಾವಳಿಯೆಂದು ನಿಶ್ಚಯಿಸಬಹುದು.

ಇದರ ತಾಯಿಯು ಬಿಳುಪಾದ ಸಣ್ಣ ಪತಂಗ. ರೆಕ್ಕೆಗಳ ಮೇಲೆ ಕಂದು ಚುಕ್ಕೆಗಳಿರುವುವು. ಹಗಲಿನಲ್ಲಿ ಅಡಗಿದ್ದು ರಾತ್ರಿ ದೀಪಕ್ಕೆ ಬರುವುದು. ನೀರಿಗೆ ತಾಗಿದ ಎಲೆಗಳ ಅಡಿಯಲ್ಲಿ ಮೊಟ್ಟೆಗಳನ್ನಿಡುವುದು. ಹೊರಬಂದ ಮರಿಯು ಎಲೆಯ ತುದಿಯನ್ನು ಕತ್ತರಿಸಿ, ನೂಲಿನಿಂದ ಬಿಗಿದು, ಆ ಕೊಳವೆಯೊಳಗೇ ವಾಸಿಸುತ್ತ ಎಲೆಯ ಹಸುರನ್ನು ಕೆರೆದು ತಿನ್ನುವುದು. ಕಾಗದದಂಥ ಬಿಳಿಯ ಪೊರೆ ಮಾತ್ರ ಉಳಿಯುವುದು. ಸಾಮಾನ್ಯ ಕಂಬಳಿಹುಳುಗಳಿಗೆ ಇಲ್ಲದ ಒಂದು ಅಂಗ ಇದಕ್ಕುಂಟು: ಮೈಯ ಪಕ್ಕಗಳಲ್ಲಿ ಎಳೆಯೆಳೆಯಾದ ಕಿವಿರುಗಳು. ಕೊಳವೆಯೊಳಗಿನ ನೀರಿನಿಂದಲೇ ಇದು ಉಸಿರಾಡುವುದು. ಆದುದರಿಂದ ನೀರು ಬಸಿದ ಗದ್ದೆಯಲ್ಲಿ ಇದು ಹೆಚ್ಚು ದಿನ ಬದುಕಲಾರದು.

ಇಬ್ಬರು ಆಳುಗಳು ಗದ್ದೆಯ ಎರಡು ಬದಿಗಳಲ್ಲಿ ಹಗ್ಗ ಹಿಡಿದು ಪೈರಿನ ಮೇಲೆ ಎಳೆದರೆ ಎಲೆಗಳಿಗೆ ಕಚ್ಚಿದ ಕೊಳವೆಗಳು ನೀರಿಗೆ ಉದುರುವುವು. ಆಗ ಮಡೆಯ ಬಾಯಿಗೆ ಬುಟ್ಟಿಯನ್ನೋ ಹಳೆಯ ಬಟ್ಟೆಯನ್ನೋ ಒಡ್ಡಿ ನೀರನ್ನು ಬಿಟ್ಟು, ಸಿಕ್ಕಿದ ಕೊಳವೆಗಳನ್ನು ಹೂಳತಕ್ಕದ್ದು. ಎರಡು ಮೂರು ದಿನ ಗದ್ದೆಯನ್ನು ಬಸಿದಿಟ್ಟು, ನೆಲ ಬಿರಿಯುವ ಮುನ್ನ ಮರಳಿ ನೀರು ಕಟ್ಟಬೇಕು. ಕೆರೆಯಲ್ಲಿ ನೀರು ಸಾಲದೆ, ಮತ್ತೆ ಸಿಕ್ಕುವ ಭರವಸೆಯಿಲ್ಲದ ಕಡೆ ಬಸಿಯುವ ಸಾಹಸ ಬೇಡ. ಹಗ್ಗವೆಳೆದು ತೇಲುವ ಕೊಳವೆಗಳನ್ನು ಜಾಲರಿಯಿಂದ ಎತ್ತಿದರೂ ಬಹಳಷ್ಟು ಪ್ರಯೋಜನವುಂಟು.

ಇಲ್ಲಿ ಊರಿನ ಮುಖ್ಯಸ್ಥರ ಕೆಲಸವೇ ದೊಡ್ಡದು. ಗದ್ದೆಯಿಂದ ಗದ್ದೆಗೆ ನೀರು ಹಾಯುವ ಬಯಲಿನಲ್ಲಿ ಮೇಲಿನವನು ಅಡ್ಡ ಒಡ್ಡದೆ ನೀರು ಬಿಟ್ಟರೆ ಅವನ ಹುಳುಗಳೆಲ್ಲ ತೇಲಿ ಕೆಳಗಿನವನ ಪೈರಿಗೆ ಸೇರುವುವು. ವ್ಯಾಜ್ಯ ಹುಟ್ಟಿದ ಮೇಲೆ ಪಂಚಾಯಿತಿ ಸೇರಿ ಫಲವೇನು? ಮುಂಚೆಯೇ ದಿನ ಗೊತ್ತುಮಾಡಿ, ಬಯಲಿನವರೆಲ್ಲರೂ ಒಟ್ಟಿಗೆ, ಸಾಧ್ಯವಿದ್ದಲ್ಲಿ ನೇರವಾಗಿ ಬಸಿಗಾಲುವೆಗೆ ನೀರು ಬಿಡುವಂತೆ ಏರ್ಪಡಿಸತಕ್ಕದ್ದು. ಬದುಗಳ ಮೇಲಿನ ಮತ್ತು ಜೌಗಿನ ಹುಲ್ಲಿನಲ್ಲಿಯೂ ಈ ಹುಳು ಬೆಳೆಯುವುದರಿಂದ ಅದನ್ನು ಕೊಯ್ದು ತೆಗೆಯುವುದು ಲೇಸು.

ತೆಂಡೆಯೊಡೆದು ಬಲಿತ ಪೈರು ಹೊಸ ಎಲೆ ಬಿಟ್ಟು ಚೇತರಿಸಿಕೊಳ್ಳುವುದು. ಅದಕ್ಕೆ ವಿಷದೌಷಧಿಯ ಖರ್ಚು ಅನಾವಶ್ಯಕ. ಯೂರಿಯಾವನ್ನು ಬಸಿಯುವ ಮುಂಚೆ ಹಾಕಿದರೆ ನೀರಿನೊಡನೆ ಹರಿದುಹೋಗುವುದು. ಮರಳಿ ನೀರು ಕಟ್ಟುವ ಹೊತ್ತಿಗೆ, ಮಿತವಾಗಿ ಹಾಕತಕ್ಕದ್ದು.